ಎರಡನೇ ಪಾಳಿಯ ಊಟ

ಗಿಣಿಗೇರಿಯಾಗ ರಾತ್ರಿ ಎಂಟಕ್ಕ ಸೈರನ್ ಕೂಗಿದ್ರ
ಲ್ಯಾಬಿನ ಹಿಂದ ಉದ್ದನ್ನ ಮೇಜಿನ ಮ್ಯಾಲ
ಹಳೇ ಪೇಪರ್ ಹಾಸಿ ನಾವು ಐದು ಮಂದಿ ಕುಂದರತಿದ್ವಿ.
ಹಾಸೂದರೊಳಗ ಭಟ್ಟಿಯ ಮಸಿ ಇಳಿದು ಬರತಿತ್ತು,
ನನ್ನ ರೊಟ್ಟಿ ಮ್ಯಾಲೂ
ಕುಲಕರ್ಣಿ ಸರ್ ಮೊಸರನ್ನದ ಮ್ಯಾಲೂ.

ಆರನೇಯಂವ ಶ್ರಾವಣ ಮುಗದ ಮ್ಯಾಲ ಬಂದ.
ಉಖ್ರೂಲ್ ಅಂದ. ಎಲ್ಲೈತಿ ಅಂತ ಯಾರೂ ಕೇಳಲಿಲ್ಲ.
ಹೆಸರು ನಿಂಗ್ರೈಶಾಂಗ್.
ಗೇಟಿನ ಯಮನೂರಪ್ಪ ಒಂದೆರಡು ಸಲ ಬಾಯಾಗ ಹೊಳ್ಳಿಸಿ
ರಿಜಿಸ್ಟರಿನ್ಯಾಗ ನಿಂಗರಾಜ ಅಂತ ಬರಕೊಂಡ.
ನಾವು ಅಷ್ಟೂ ತ್ರಾಸು ತೊಗೊಳಲಿಲ್ಲ,
ಮೋಮೊ ಅಂದ್ವಿ.

“ಏನಪಾ ಮೋಮೊ, ನಿನ್ನೆ ಗೇಟಿನ ಮುಂದ ಮೂರು ನಾಯಿ ಇದ್ವು,
ಇವತ್ತು ಎರಡ ಅದಾವು?”
ಎಲ್ಲಾರೂ ನಕ್ವಿ. ಅಂವನೂ ನಕ್ಕ,
ನಮಗಿಂತ ಒಂದು ತುತ್ತು ತಡದು.
ಮರುದಿನ ಕ್ಯಾಂಟೀನಿನ ಹಲ್ಲಿ ಎಣಿಸಿದ್ರು.
ಅದರ ಮರುದಿನ ಹಾವು.
ಅವನ ಡಬ್ಬ್ಯಾಗ ಅನ್ನ, ಕುದಿಸಿದ ಸೊಪ್ಪು,
ಉಪ್ಪು ಹಚ್ಚಿದ ಒಂದು ಹಸಿಮೆಣಸಿನಕಾಯಿ.
ಅದನ್ಯಾರೂ ಎಣಿಸಲಿಲ್ಲ.

ನಾಯಿ ಎಣಿಸಾಂವ ಗವಿಸಿದ್ದ.
ಮಂಗಳೂರಿಗೆ ಟ್ರೇನಿಂಗಿಗೆ ಹೋದಾಗ ಅವನ್ನ
ಆರು ತಿಂಗಳು “ಖಾರದಪುಡಿ” ಅಂತ ಕರದಿದ್ರಂತ,
“ನಿಮ್ಮ ಕಡೆ ರೊಟ್ಟಿ ಒಣಗಿಸಿ ಹಂಚಿನಂಗ ಮನಿಗೆ ಹೊಚ್ಚತೀರಂತಲ್ಲ?”
ಇದನ್ನ ಹೇಳಿಕೋತ ಇದ ಮೇಜಿನ ಮುಂದ
ಅವನ ಕಣ್ಣು ತುಂಬಿದ್ವು ಒಮ್ಮೆ.
ಮೆಣಸಿನಕಾಯಿ ಕಡದೇನಿ ಅಂದಿದ್ದ.

ಆದ್ರ ಜೋರು ನಕ್ಕಾಕಿ ನಾನು.

ನಮ್ಮ ಹಿತ್ತಲದಾಗ ಒಂದು ತಂತಿ ಐತಿ.
ಅವ್ವ ಖಂಡ ಉದ್ದುದ್ದ ಕೊಯ್ದು, ಉಪ್ಪು ಅರಿಷಿಣ ಹಚ್ಚಿ
ಅದರ ಮ್ಯಾಲ ಹಾಕತಾಳ,
ತಂಗಿ ಕೋಲು ಹಿಡಕೊಂಡು ಕಾಗಿ ಕಾಯತಾಳ.
ಅವತ್ತು ನಾ ಎರಡು ಸಲ ಸೋಪು ಹಚ್ಚಿ ಬಸ್ ಹತ್ತತೀನಿ.
ಏಳು ವರ್ಷದಿಂದ ನನ್ನ ಡಬ್ಬ್ಯಾಗ
ಪುಂಡಿಪಲ್ಯ, ಶೇಂಗಾಚಟ್ನಿ, ಪುಂಡಿಪಲ್ಯ.
ಹುಲಿಗೆಮ್ಮ ಅಂತ ಇಟ್ಟ ಹೆಸರು
ಗೇಟು ದಾಟೂಮುಂದ ಹೇಮಾ ಆಗತೈತಿ.
“ಹೇಮಾನ ಊಟ ನೋಡ್ರಿ, ಎಷ್ಟು ಶುದ್ಧ,
ಥೇಟ್ ನಮ್ಮವರಂಗ,” ಅಂದಿದ್ರು ಕುಲಕರ್ಣಿ ಸರ್.
ಆ ಮಾತನ್ನ ನಾನು
ಬೆರಳು ನೆಕ್ಕಿ ತಿಂದಿದ್ದೆ.

ಕಾರ್ತೀಕದಾಗ ಅವನಿಗೆ ಊರಿಂದ ಪಾರ್ಸೆಲ್ ಬಂತು.
ಹದಿನೇಳು ದಿನದ ಹಾದಿ, ಮೂರು ಸುತ್ತು ಪ್ಲಾಸ್ಟಿಕ್.
ಅವತ್ತು ಸಣ್ಣದೊಂದು ಡಬ್ಬಿ ಬ್ಯಾರೆ ತಂದಿದ್ದ,
ಹಬ್ಬ ಇದ್ದಂಗ ಮಾರಿ ಮಾಡಿ ಮುಚ್ಚಳ ತಗದ.
ಕುರ್ಚಿ ಸಮೇತ ಎದ್ರು ಕುಲಕರ್ಣಿ ಸರ್.
“ಅಯ್ಯೋ ಮಾರಾಯ, ಇದು ಯಾವ ಓಣಿದು?” ಅಂದ ಗವಿಸಿದ್ದ.
ನನ್ನ ಕೈನೂ ಮೂಗಿಗೆ ಹೋತು, ಸೆರಗಿನ ಸಮೇತ.

ಸೆರಗಿನ ಹಿಂದ ಬಾಯಾಗ ನೀರು.

ಅವರದು ಹೊಗಿಯಾಗ ಒಣಗಿದ್ದು, ನಮ್ಮದು ಬಿಸಲಾಗ.
ಇನ್ನೊಂದಿಷ್ಟು ಬೆಂಕಿ ತೋರಿಸಿದ್ರ
ಅವ್ವ ಒಲಿ ಮುಂದ ಕುಂತು
“ಹಿಡಿ, ಸುಡತೈತಿ” ಅಂತ ಕೊಡೂ ಚೂರ ಅದು.
ನಾ ಉಗುಳು ನುಂಗಿದ್ದನ್ನ
ಅಂವೊಬ್ಬ ನೋಡಿದ.
ಅವತ್ತು ತಡದೂ ನಗಲಿಲ್ಲ. ಮುಚ್ಚಳ ಹಾಕಿದ.

ಮರುದಿನದಿಂದ ಅವನ ಊಟ ವೇಬ್ರಿಜ್ಜಿನ ಕಡೆ,
ಯಮನೂರಪ್ಪನ ಬೆಂಚಿನ ಮ್ಯಾಲ.
ಅದಿರಿನ ಲಾರಿ ತೂಗೂ ನಡುವ ಇಬ್ಬರೂ ಏನೋ ಮಾತಾಡತಾರ,
ಯಾವ ಭಾಷ್ಯಾಗೋ.
“ನಿಂಗರಾಜಾ” ಅಂತ ಕೂಗಿದ್ದು ಮಾತ್ರ ಇಲ್ಲೀತನ ಕೇಳಸತೈತಿ.
ಮೇಜಿನ ಮ್ಯಾಲ ಈಗ ಜಾಗಾ ಬಾಳ.
ಗವಿಸಿದ್ದಗ ಎಣಿಸಾಕ ಏನೂ ಇಲ್ಲ.

ಇವತ್ತು ಮಂಗಳವಾರ.
ಮುಂಜಾನೆ ನಾನ ಕೇಳಿ ಕಟ್ಟಿಸಿಕೊಂಡೀನಿ, ಮೂರು ಚೂರು.
ಅವ್ವ ಒಂದು ಗಳಿಗಿ ನನ್ನ ಮಾರಿ ನೋಡಿ
ಏನೂ ಕೇಳದ ರೊಟ್ಟಿ ನಡುವ ಇಟ್ಟಳು.
ಇಲ್ಲಿಂದ ವೇಬ್ರಿಜ್ಜಿಗೆ ನೂರಾ ಹತ್ತು ಹೆಜ್ಜಿ.
ಹಗಲ ಖಾಲಿ ಕೈಯಾಗ ಎಣಿಸಿ ಬಂದೀನಿ.

ಸೈರನ್ ಆತು. ಪೇಪರ್ ಹಾಸಿದ್ರು.
“ಹೇಮಾ, ಇವತ್ತೇನು ತಂದಿ?”
ಕೈ ಮುಚ್ಚಳದ ಮ್ಯಾಲ ಐತಿ,
ಕೈ ಮ್ಯಾಲ ಮಸಿ ಬೀಳಾಕ ಹತ್ತೇತಿ.